ಮಂಕರಿ ಕೆಳಗಿನ ಟೈರ್ ಗುರುತು

ಹೊನ್ನಾಳಿಯಲ್ಲಿ ಬಸ್ ಸ್ಟ್ಯಾಂಡಿನಿಂದ ಹೊಳೆ ಕಡೆಗೆ ಇಳಿಯುವ ರಸ್ತೆಯಲ್ಲಿ ಬೆನಕಪ್ಪನವರ ಪೈಪು, ಪಂಪ್‌ಸೆಟ್ಟಿನ ಅಂಗಡಿ. ಅಲ್ಲಿ ಸಂಬಳಕ್ಕಿರುವ ಮಾಲತೇಶನ ಬಾಳಿನಲ್ಲಿ ಬರೆದಿಡುವಂಥದ್ದು ಏನೂ ಇಲ್ಲ. ಈ ಮಾತನ್ನು ಬೇರೆಯವರು ಹೇಳುವ ಮೊದಲು ಅವನೇ ಹೇಳಿಬಿಡುತ್ತಾನೆ. ಆ ಸಂತೋಷವನ್ನು ಪರರಿಗೆ ಬಿಟ್ಟುಕೊಡುವಷ್ಟು ಉದಾರಿಯಲ್ಲ. ಬಿ.ಎ. ಆಗಿದೆ. ಯಾವ ವಿಷಯದಲ್ಲಿ ಎಂದು ಕೇಳಿದರೆ ಒಂದು ಗಳಿಗೆ ಯೋಚಿಸಬೇಕಾಗುತ್ತದೆ. ಪೊಲೀಸ್ ಕೆಲಸಕ್ಕೆ ಹೋದಾಗ ಎತ್ತರ ಸಾಕಾಯಿತು, ಎದೆ ಸಾಲಲಿಲ್ಲ. ಉಸಿರೆಳೆದು ಉಬ್ಬಿಸಿ ನಿಂತರೆ ಟೇಪು ಹಿಡಿದವನು "ಹೊಟ್ಟೆ ಅಳೀಲೇನಪ್ಪ, ಅದಾದ್ರೆ ಪಾಸಾಗ್ತೀಯ" ಎಂದನಂತೆ. ಆಮೇಲೆ ಪೈಪಿನಂಗಡಿ. ಎಲ್ಬೋ, ಟೀ, ಕಾಲರು ಎಂಬ ಪೈಪಿನ ಜಾಯಿಂಟುಗಳು. ಅವನ್ನು ಹುಡುಕಿಕೊಡುವುದರಲ್ಲಾದರೂ ಅವನು ಚುರುಕು ಎಂದುಕೊಳ್ಳಬೇಡಿ.

ಆದರೂ ಅವನಲ್ಲಿ ಒಂದು ಸೊತ್ತು ಹೇರಳವಾಗಿತ್ತು: ತಾತ್ಸಾರ. ಮುರಿದ ಜಾಯಿಂಟ್ ಹಿಡಿದು ಬಂದು "ಇಂಥದ್ದೇ ಒಂದು ಕೊಡಪ್ಪ" ಎನ್ನುವ ರೈತರನ್ನು ಕಂಡರೆ ತಾತ್ಸಾರ. ಬಸ್ಸಿನ ಕಿಟಕಿಯಲ್ಲಿ ಟವಲ್ಲು ತೂರಿಸಿ ಸೀಟು ಹಿಡಿಯುವವರನ್ನು ಕಂಡರೆ ತಾತ್ಸಾರ. ಶಿವಮೊಗ್ಗಕ್ಕೆ ಹೋಗಿ ಪಿಜ್ಜಾ ತಿಂದು ಸ್ಟೇಟಸ್ ಹಾಕುವ ಗೆಳೆಯರನ್ನು ಕಂಡರಂತೂ ಮೈ ಉರಿಯುತ್ತಿತ್ತು, ಯಾಕೆಂದರೆ ತನ್ನನ್ನು ಕರೆದಿರುತ್ತಿರಲಿಲ್ಲ. ಇನ್ನು ಬೆಳಿಗ್ಗೆ ಕನ್ನಡಿಯಲ್ಲಿ ಹಲ್ಲುಜ್ಜುವವನ ವಿಷಯ ಕೇಳಲೇಬೇಡಿ.

ಇಂಥವನ ಕೈಗೆ ಗ್ರಾವೆಲ್ ಸೈಕಲ್ ಬಂದದ್ದು ಶಿವಮೊಗ್ಗದ ಡಾಕ್ಟರೊಬ್ಬರ ಸೊಂಟನೋವಿನಿಂದ. ಜಲ್ಲಿ ದಾರಿಯಲ್ಲಿ, ಕಾಡಿನಲ್ಲಿ ಓಡಿಸಲೆಂದೇ ಮಾಡಿದ ಸೈಕಲ್ಲದು. ಹ್ಯಾಂಡಲ್ಲು ಟಗರಿನ ಕೊಂಬಿನ ಹಾಗೆ ಕೆಳಕ್ಕೆ ಬಾಗಿತ್ತು. ಟೈರಿನ ತುಂಬ ಹಲಸಿನ ಹಣ್ಣಿನ ಮೈಯಂಥ ಮುಳ್ಳುಮುಳ್ಳು ಗುಬುಟು. ಡಾಕ್ಟರು ಅದನ್ನು ಎರಡು ಸಲ ಹತ್ತಿ, ಮೂರನೇ ಸಲ ಹತ್ತಲಾರದೆ ಸಿಕ್ಕ ಬೆಲೆಗೆ ಮಾರಿದರು. ಮಾಲತೇಶ ಅದನ್ನು ಅಂಗಡಿ ಮುಂದೆ ತಂದು ಲೈಟು ಕಂಬಕ್ಕೆ ಒರಗಿಸಿದಾಗ ಬೆನಕಪ್ಪನವರು ಗಲ್ಲಾ ಬಿಟ್ಟು ಎದ್ದು ಬಂದರು.

"ಸ್ಟ್ಯಾಂಡ್ ಎಲ್ಲೈತೋ ಇದಕ್ಕೆ?"

"ಇರಲ್ಲ ಸಾವ್ಕಾರ್ರೇ."

"ಕ್ಯಾರಿಯರ್ರು?"

"ಇರಲ್ಲ."

"ಮಡ್‌ಗಾರ್ಡು, ಬೆಲ್ಲು?"

"ಅವೂ ಇರಲ್ರೀ. ಭಾರ ಆಗ್ತೈತೆ ಅಂತ ಹಾಕಿರಲ್ಲ."

ಬೆನಕಪ್ಪನವರು ಅವನನ್ನು ಮೇಲಿಂದ ಕೆಳಗೆ ನೋಡಿದರು. "ಮತ್ತೆ ನೀನ್ಯಾಕೆ ಹತ್ತುತೀ? ನೀನು ಭಾರ ಅಲ್ಲೇನು?"

ಭಾನುವಾರ ಬಂತೆಂದರೆ ಮಾಲತೇಶ ಹೊಳೆದಂಡೆಯ ಬಂಡಿದಾರಿ ಹಿಡಿದು ಹೋಗುತ್ತಿದ್ದ. ನ್ಯಾಮತಿ ದಾಟಿ ಕಾಡಿನ ಜಾಡಿಗೆ ಬಿದ್ದರೆ ಟೈರಿನಡಿ ಜಲ್ಲಿ ಕರಕರ ಎನ್ನುವ ಸದ್ದು. ಯಾರೋ ಹುರಿಗಡಲೆ ಅಗಿದಂತೆ. ಬೇರೆ ಸದ್ದಿಲ್ಲ. ಹಾರನ್ನಿಲ್ಲ, "ಒಂದಿಂಚಿನ ಕಾಲರ್ ಐತೇನ್ರೀ" ಇಲ್ಲ. ಒಂದು ತಿರುವಿನಲ್ಲಿ ನವಿಲು ದಾರಿಗೆ ಅಡ್ಡ ನಿಂತು, ಇವನನ್ನು ನೋಡಿ, ಇವನಿಗಾಗಿ ಓಡುವ ಅಗತ್ಯವಿಲ್ಲವೆಂದು ನಿಧಾನಕ್ಕೆ ಸರಿದುಹೋಯಿತು. ಅಂದು ಅವನಿಗೆ ಎದೆ ಹಗುರಾಯಿತು. ಪ್ರಕೃತಿಯ ಮಡಿಲು ಎಂದೆಲ್ಲ ಆಮೇಲೆ ಹೇಳಿಕೊಂಡ. ನಿಜ ಇಷ್ಟೆ: ಅಲ್ಲಿ ತಾತ್ಸಾರ ಮಾಡಲು ಜನವೇ ಇರಲಿಲ್ಲ. ಒಂದು ಹೊತ್ತು ಆ ಕೆಲಸಕ್ಕೂ ರಜೆ ಸಿಕ್ಕಿತ್ತು.

ಆ ರಜೆಯನ್ನು ಸುಮ್ಮನೆ ಅನುಭವಿಸಿದ್ದರೆ ಸಾಕಿತ್ತು. ಅದನ್ನು ವಿಡಿಯೋ ಮಾಡಿ ಹಾಕತೊಡಗಿದ. ಒಂದು ಕೈಯಲ್ಲಿ ಹ್ಯಾಂಡಲ್ಲು, ಒಂದು ಕೈಯಲ್ಲಿ ಫೋನು, ಬಾಯಲ್ಲಿ ರೇಡಿಯೋ ಕನ್ನಡ: "ಸ್ನೇಹಿತರೇ, ಈ ಮೌನವನ್ನೊಮ್ಮೆ ಆಲಿಸಿ." ಆಲಿಸಲು ಇವನು ಬಾಯಿ ಮುಚ್ಚಬೇಕಲ್ಲ, ಅದೊಂದು ಆಗುತ್ತಿರಲಿಲ್ಲ.

ಈ ವಿಡಿಯೋ ನೋಡಿಕೊಂಡು ಬಂದವನು ವಿನಯ್ ಕುಮಾರ್. ದಾವಣಗೆರೆಯಲ್ಲಿ ಜಿಮ್ ಇಟ್ಟು ಮುಚ್ಚಿದವನು. ಈಗ ಬೆಂಗಳೂರಿನಲ್ಲಿದ್ದುಕೊಂಡು 'ಮೌನಪಥ' ಎಂಬ ಹೆಸರಿನಲ್ಲಿ ಸಿಟಿ ಜನರನ್ನು ಸೈಕಲ್ ಯಾತ್ರೆಗೆ ಕರೆದೊಯ್ಯುವ ಕಂಪನಿ ಮಾಡಿದ್ದ. ಹೊನ್ನಾಳಿಯ ಕ್ಯಾಂಟೀನಿನಲ್ಲಿ ಮಂಡಕ್ಕಿ ತಟ್ಟೆಯ ಫೋಟೋ ತೆಗೆದು, ತಿನ್ನದೆ ಪಕ್ಕಕ್ಕೆ ಸರಿಸಿ, ವಿಷಯಕ್ಕೆ ಬಂದ. ಮೂರು ದಿನದ ಯಾತ್ರೆ. ಮೊದಲ ದಿನ ಹೊನ್ನಾಳಿಯ ಹೊಳೆದಂಡೆ, ನ್ಯಾಮತಿ ಕಾಡು. ಎರಡನೇ ದಿನ ಬಸವಾಪಟ್ಟಣದಿಂದ ಚನ್ನಗಿರಿ ಕಡೆಗೆ ಚಾನಲ್ ಏರಿ. ಮೂರನೇ ದಿನ ಜಗಳೂರಿನ ಕುರುಚಲು ಕಾಡು. ದಾರಿ ಹುಡುಕುವುದು ಮಾಲತೇಶನ ಕೆಲಸ.

"ಫಸ್ಟ್ ರೈಡ್ ಕ್ಲೀನಾಗಿ ಮುಗಿದರೆ ನೀನೇ ನಮ್ಮ ಟ್ರೇಲ್ ಹೆಡ್, ಮಾಲ್. ಪರ್ಮನೆಂಟ್. ಒಂದೇ ಕಂಡೀಷನ್, ಜೀರೋ ಟ್ರಾಫಿಕ್. ನಾನು ಜನಕ್ಕೆ ಮಾರ್ತಿರೋದೇ ಅದು."

ಅಪ್ಪ ಅಮ್ಮ ಹರಕೆ ಹೊತ್ತ ದೇವರ ಹೆಸರನ್ನು ಅವನು ಅಂಗಡಿ ಸಾಮಾನಿನ ಮಟ್ಟಕ್ಕೆ ತುಂಡರಿಸಿದ್ದಕ್ಕೆ ಮಾಲತೇಶನಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. 'ಹೆಡ್' ಎಂಬುದು ಕಿವಿಯಲ್ಲಿ ಕೂತುಬಿಟ್ಟಿತ್ತು.

"ಕುರಿ ಅಡ್ಡ ಬಂದ್ರೆ ಸಾರ್?"

"ಕುರಿ ಟ್ರಾಫಿಕ್ ಅಲ್ಲ, ಕಲ್ಚರ್."

"ಎತ್ತಿನ ಗಾಡಿ?"

"ಹೆರಿಟೇಜ್."

"ಟ್ರ್ಯಾಕ್ಟರ್?"

ವಿನಯ್ ಕುಮಾರನ ಮುಖ ಬಾಡಿತು. "ಟ್ರ್ಯಾಕ್ಟರ್ ಬಂತು ಅಂದ್ರೆ ನಮ್ಮ ಕಥೆ ಮುಗೀತು."

ಹೊನ್ನಾಳಿ, ನ್ಯಾಮತಿಯ ದಾರಿ ಮಾಲತೇಶನಿಗೆ ಗೊತ್ತಿತ್ತು. ಚಾನಲ್ ಏರಿ ಹುಡುಕಬೇಕಾದ್ದೇನಿಲ್ಲ, ನೀರು ಹೋದ ಕಡೆ ಹೋದರಾಯಿತು. ತೊಂದರೆ ಜಗಳೂರಿನದು. ಸೊಕ್ಕೆ ಕಡೆಯ ಬೆದ್ದಲು ಹೊಲಗಳ ನಡುವೆ ಬಿಸಿಲಲ್ಲಿ ಅಲೆದ. ಕಾಡು ಸಿಕ್ಕಿದರೆ ದಾರಿಯಿಲ್ಲ. ದಾರಿ ಸಿಕ್ಕಿದರೆ ಅದರ ಮೇಲೆ ಯಾವನೋ ಟಿವಿಎಸ್ ಮೇಲೆ ಹುಲ್ಲು ಹೇರಿಕೊಂಡು ಬರುತ್ತಾನೆ. ಬೇಸತ್ತು ಒಂದು ಒಣಹಳ್ಳಕ್ಕೆ ಇಳಿದು, ಅದರ ಮರಳು ಜಲ್ಲಿಯ ಮೇಲೆ ಸೈಕಲ್ ಬಿಟ್ಟುಕೊಂಡು ಸಾಗಿದವನು ದಡ ಹತ್ತಿದರೆ ಒಂದು ಊರಿನ ಬೆನ್ನಿಗೆ ಬಂದಿದ್ದ. ಕರೆಗುಂಡಹಳ್ಳಿ.

ಹಾಗೇ ಊರೊಳಗೆ ಸೈಕಲ್ ಬಿಟ್ಟ. ಬೀದಿಯಲ್ಲಿ ಒಂದು ನರಪಿಳ್ಳೆ ಇಲ್ಲ. ಬೈಕಿಲ್ಲ, ಆಟೋ ಇಲ್ಲ. ಮನೆಗಳಿಗೆಲ್ಲ ಬೀಗ. ಅಂಗಳಗಳನ್ನು ಸಗಣಿ ಹಾಕಿ ಸಾರಿಸಿತ್ತು, ನೆರಳಿದ್ದಲ್ಲಿ ಇನ್ನೂ ಹಸಿ ಹಸಿ. ದನ ಇಲ್ಲ, ಕೋಳಿ ಇಲ್ಲ, ಹೊಸಬನನ್ನು ಕಂಡು ಬೊಗಳಬೇಕಾದ ನಾಯಿಯೂ ಇಲ್ಲ. ಯಾವುದೋ ಮದುವೆಗೆ ಊರಿಗೂರೇ ಹೋಗಿರಬೇಕೆಂದುಕೊಂಡ. ಮದುವೆಗೆ ಕೋಳಿ ಹೋಗುವುದುಂಟು, ವಾಪಸು ಬರುವುದಿಲ್ಲ ಅಷ್ಟೆ. ನಾಯಿ ಯಾಕೆ ಹೋಯಿತು ಎಂಬ ಪ್ರಶ್ನೆ ಸ್ವಲ್ಪ ಬುದ್ಧಿಯಿದ್ದವನಿಗೆ ಹೊಳೆಯಬೇಕಿತ್ತು. ಇವನಿಗೆ ಹೊಳೆದದ್ದು ಟ್ರೇಲ್ ಹೆಡ್ ಎಂದು ಬರೆದ ಟೀ ಶರ್ಟು. ಫೋನ್ ತೆಗೆದ. "ಸ್ನೇಹಿತರೇ, ವಾಹನವಿರಲಿ, ಮನುಷ್ಯನ ಸುಳಿವೇ ಇಲ್ಲದ ಊರು!" ಎಂದು ಕೂಗುತ್ತ, ಒಂದೇ ಕೈಯಲ್ಲಿ ಅತ್ತಿತ್ತ ಓಲಾಡುತ್ತ, ಒಬ್ಬರ ಹಸಿ ಅಂಗಳದ ಮೇಲೇ ಹಾದು, ಊರ ಮುಂದಿನ ದಾರಿಗೆ ಬಂದ. ಅಲ್ಲಿ ದಾರಿಗಡ್ಡ ಜಾಲಿಮುಳ್ಳಿನ ಕಂತೆ ಬಿದ್ದಿತ್ತು. ಗಾಳಿಗೆ ಬಿದ್ದಿರಬೇಕೆಂದು ಸರಿಸಿ, ಸೈಕಲ್ ದಾಟಿಸಿ, ಹೋದ. ಗಾಳಿ ಜಾಲಿಯನ್ನು ಕಡಿದು, ಕಂತೆ ಕಟ್ಟಿ, ಅಡ್ಡ ಇಡುವುದಿಲ್ಲವೆಂದು ಅವನಿಗೆ ಹೇಳುವವರು ಯಾರೂ ಅಲ್ಲಿರಲಿಲ್ಲ.

ಆ ವಿಡಿಯೋವನ್ನು ಮೌನಪಥದ ಪೇಜಿನಲ್ಲಿ ಸಾವಿರಾರು ಜನ ನೋಡಿದರು. ವಿನಯ್ ಕುಮಾರ್ ಫೋನಿನಲ್ಲೇ ಅಪ್ಪಿಕೊಂಡಂತೆ ಮಾತಾಡಿದ. ಮರುದಿನ ಮಾಲತೇಶ ಅಂಗಡಿಗೆ ಹೋಗಿ ಕೀಲಿಕೈ ಗೊಂಚಲನ್ನು ಗಲ್ಲಾದ ಮೇಲೆ ಬಿಸಾಕಿದ. ಮೆಲ್ಲಗೆ ಇಡಬಹುದಿತ್ತು.

"ಇನ್ನು ಎಲ್ಬೋ, ಟೀ ನೀವೇ ಹುಡುಕ್ಕೊಳ್ರಿ ಸಾವ್ಕಾರ್ರೇ. ನಾನು ದಾರಿ ಹುಡುಕೋ ಕೆಲಸಕ್ಕೆ ಹೊಂಟೀನಿ. ಪೈಪಿನೊಳಗೆ ನೋಡ್ಕೊಂಡು ಕೂರೋ ಜೀವ ಅಲ್ಲ ನಂದು."

"ಹೋಗಿ ಬಾರಪ್ಪ," ಎಂದರು ಬೆನಕಪ್ಪನವರು, ತಲೆಯೆತ್ತದೆ. "ಹೋಗೋ ದಾರಿ ಜೊತಿಗೆ ವಾಪಸ್ ಬರೋದನ್ನೂ ಹುಡುಕ್ಕೊಂಡಿರು." ಅದೇ ವಾರ ಅವನ ಜಾಗಕ್ಕೆ ನ್ಯಾಮತಿಯ ಶೈಲಾ ಎಂಬ ಹುಡುಗಿಯನ್ನು ಸೇರಿಸಿಕೊಂಡರು.

ಹೀಗೆ ಹಿಂದಿನ ಬಾಗಿಲು ಮುಚ್ಚಿತು. ಮುಂದಿನದು ತೆರೆಯಬೇಕಾದರೆ ಮೂರು ದಿನ ಒಂದೇ ಒಂದು ಟ್ರ್ಯಾಕ್ಟರ್ ಕಣ್ಣಿಗೆ ಬೀಳದೆ ಯಾತ್ರೆ ಮುಗಿಯಬೇಕು.

ಯಾತ್ರಿಕರು ಡಿಸೆಂಬರಿನ ಚಳಿಯಲ್ಲಿ ಬಂದಿಳಿದರು. ತೊಡೆಗೆ ಅಂಟಿದ ಕರಿ ಚಡ್ಡಿ, ಅಂಡಿನ ಜಾಗಕ್ಕೆ ಹತ್ತಿಯ ದಿಂಬು. ಹೊಳೆದಂಡೆಯಲ್ಲಿ ಬಟ್ಟೆ ಒಗೆಯುತ್ತಿದ್ದ ಹೆಂಗಸರು ಅವರನ್ನು ನೋಡಿ, ಪರಸ್ಪರ ನೋಡಿ, ಒಗೆಯುವ ಕಲ್ಲಿಗೆ ಮುಖ ತಿರುಗಿಸಿಕೊಂಡು ನಕ್ಕರು. ಯಾತ್ರಿಕರಲ್ಲಿ ಸುಚಿತ್ರಾ ಎಂಬ ಹಲ್ಲಿನ ಡಾಕ್ಟರು ಕಂಡದ್ದಕ್ಕೆಲ್ಲ ಕಣ್ಣು ಮುಚ್ಚಿ ಉಸಿರೆಳೆಯುತ್ತಿದ್ದರು. ತುಂಗಭದ್ರೆ ಕಂಡರೆ ಉಸಿರು, ಸಗಣಿ ಕಂಡರೆ ಉಸಿರು. "ಇಲ್ಲಿನ ಜನ ಎಷ್ಟು ಪುಣ್ಯವಂತರು, ಅವರಿಗೆ ಟೆನ್ಷನ್ನೇ ಇಲ್ಲ," ಎಂದರು. ಎದುರಿಗೆ ಒಬ್ಬ ಕರೆಂಟು ಬಂತೇನೋ ಎಂದು ಮೋಟರಿನ ಕಡೆ ಓಡುತ್ತಿದ್ದ.

ನ್ಯಾಮತಿ ಕಾಡು ಕಳೆಯಿತು. ಅಲ್ಲಿಯ ಮೌನವನ್ನು ಎಲ್ಲರೂ ಎಷ್ಟು ಹೊಗಳಿದರೆಂದರೆ ಮೌನ ಅಲ್ಲಿಂದ ಎದ್ದುಹೋಯಿತು. ಸಂಜೆ ಸೈಕಲ್ಲುಗಳನ್ನು ಲಾರಿಗೆ ಹೇರಿ, ಸವಾರರನ್ನು ಎಸಿ ಟಿಟಿ ವ್ಯಾನಿನಲ್ಲಿ ತುಂಬಿ ಮುಂದಿನೂರಿಗೆ ಸಾಗಿಸಿದರು. ವಾಹನವಿಲ್ಲದ ಯಾತ್ರೆಯ ಹಿಂದೆ ಎರಡು ವಾಹನ ಡೀಸೆಲ್ ಕುಡಿಯುತ್ತ ಬರುತ್ತಿದ್ದವು. ಕಣ್ಣಿಗೆ ಬೀಳದಷ್ಟು ದೂರದಲ್ಲಿ, ಅಷ್ಟೆ.

ಬಸವಾಪಟ್ಟಣದ ಚಾನಲ್ ಏರಿಯ ಮೇಲೆ ಮಾಲತೇಶನ ಜೀವ ಬಾಯಿಗೆ ಬಂತು. ಸವಾರರು ಹಿಂದೆ ಬರುತ್ತಿದ್ದರು, ಎದುರಿಗೆ ಸಿದ್ದು ಎಂಬ ಹುಡುಗ ಭತ್ತದ ಹುಲ್ಲು ಹೇರಿದ ಟ್ರ್ಯಾಕ್ಟರ್ ತರುತ್ತಿದ್ದ. ಮಾಲತೇಶ ಸೈಕಲ್ ಬಿಸಾಡಿ ಓಡಿ ಅಡ್ಡ ನಿಂತ.

"ಅಣ್ಣಾ, ಕಾಲಿಗೆ ಬೀಳ್ತೀನಿ. ಒಂದೀಟು ಆ ಹೊಂಗೆ ಮರದ ಹಿಂದಕ್ಕೆ ತಗೋ."

"ಯಾಕೆ, ಮಿನಿಸ್ಟ್ರು ಬರ್ತಾರಾ?"

"ಸೈಕಲ್ ಬರ್ತಾವೆ."

"ಸೈಕಲ್ಲಿಗೆ ಟ್ರ್ಯಾಕ್ಟರ್ ಸೈಡ್ ತಗೋಬೇಕಾ? ಏರಿ ಅಗಲ ಐತಲ್ಲಪ್ಪ!"

"ಸೈಡಲ್ಲಣ್ಣ. ಕಾಣಬಾರ್ದು."

ಸಿದ್ದು ಇಂಜಿನ್ ಆಫ್ ಮಾಡಿ ಇವನ ಮುಖವನ್ನೇ ನೋಡಿದ. "ನಮ್ಮೂರ ಏರಿ ಮ್ಯಾಲೆ ನಮ್ಮ ಟ್ರ್ಯಾಕ್ಟರ್ ಕಾಣಬಾರ್ದಾ? ನಾನೇನು ಮುಂಡಿಯಂಗೆ ಕಾಣ್ತೀನೇನಲೇ ನಿನ್ನ ಶಕುನಕ್ಕೆ?" ಎಂದ. ಆದರೂ ಪಾಪವೆನಿಸಿತೋ, ನಗು ಬಂತೋ, ಮರದ ಹಿಂದಕ್ಕೆ ತೆಗೆದ. ಸವಾರರು ಹಾದುಹೋದರು. ಸುಚಿತ್ರಾ ಉಸಿರೆಳೆದು, ಹೊಸ ಹುಲ್ಲಿನ ಈ ಪರಿಮಳ ಎಲ್ಲಿಂದ ಬರುತ್ತಿದೆ ಎಂದು ಬೆರಗಾದರು. ಹೊಂಗೆ ಮರದ ಹಿಂದಿನಿಂದ ಸಿದ್ದು, "ಇಲ್ಲಿಂದ್ರೀ ಮೇಡಂ!" ಎಂದು ಕೂಗಿದ. ಮಾಲತೇಶ ಜೋರಾಗಿ ಕೆಮ್ಮಿದ.

ಮೂರನೆಯ ದಿನ ಉಳಿದದ್ದು ಕರೆಗುಂಡಹಳ್ಳಿ ಒಂದೇ. ಅದರ ಬಗ್ಗೆ ಅವನಿಗೆ ಅನುಮಾನವೇ ಇರಲಿಲ್ಲ. ಬೆನ್ನ ಮೇಲೆ 'ಟ್ರೇಲ್ ಹೆಡ್' ಎಂದು ಬರೆದ ಟೀ ಶರ್ಟನ್ನು ವಿನಯ್ ಕುಮಾರ್ ಬೆಳಿಗ್ಗೆಯೇ ಕೊಟ್ಟಿದ್ದ. ಒಣಹಳ್ಳದ ಜಲ್ಲಿಯ ಮೇಲೆ ಕರಕರ ಎನಿಸುತ್ತ ಎಲ್ಲರಿಗಿಂತ ಮುಂದೆ ಬಂದು ದಡ ಹತ್ತಿದ. ಹತ್ತಿದವನು ಬ್ರೇಕ್ ಹಿಡಿದ. ಹೋದ ಸಲ ಬಯಲಾಗಿದ್ದ ಜಾಗದಲ್ಲಿ ಎದೆಮಟ್ಟದ ಜಾಲಿಮುಳ್ಳಿನ ಬೇಲಿ. ಅದರಾಚೆ ಬಂಡೆಯ ಮೇಲೆ ಕುಳ್ಳಗಿನ ಮುದುಕನೊಬ್ಬ ಕಂಬಳಿ ಹೊದ್ದು ಕೂತಿದ್ದ. ಚಿಕ್ಕಹನುಮಂತಪ್ಪ ಅವನ ಹೆಸರು ಎಂದು ಆಮೇಲೆ ತಿಳಿಯಿತು.

ಮುದುಕ ಬಂದವರ ಮುಖ ನೋಡಲಿಲ್ಲ. ಮುಳ್ಳಿನ ಸಂದಿಯಿಂದ ನುಸುಳಿ ಬಂದು, ಮಾಲತೇಶನ ಸೈಕಲ್ಲಿನ ಮುಂದಿನ ಗಾಲಿಯೆದುರು ಕುಕ್ಕರುಗಾಲಲ್ಲಿ ಕೂತು, ಟೈರಿನ ಗುಬುಟುಗಳ ಮೇಲೆ ಬೆರಳಾಡಿಸಿದ. ಆಮೇಲೆ ಊರಿಗೆಲ್ಲ ಕೇಳುವಂತೆ ಕೂಗಿದ: "ಬರ್ರಲೇ! ಸಿಕ್ತು! ನಾನು ನಿದ್ದೆ ಹೊಡದೆ ಅಂತಿದ್ರಲ್ಲ, ಬಂದು ನೋಡ್ರಲೇ!"

ಜನ ಬಂದರು. ಮಾಲತೇಶ ಅಂದು ಕಾಣದ ಜನವೆಲ್ಲ ಬಂದರು; ನಾಯಿಗಳೂ ಬಂದವು. ಸೈಕಲ್ಲುಗಳನ್ನು ಸವಾರರ ಸಮೇತ ಒಳಕ್ಕೆ ನಡೆಸಿಕೊಂಡು ಹೋಗಿ, ಅಂಜಿನಮ್ಮ ಎಂಬ ಹೆಂಗಸಿನ ಅಂಗಳದಲ್ಲಿ ನಿಲ್ಲಿಸಿದರು. ಅಂಗಳದ ಒಂದು ಕಡೆ ಬಿದಿರಿನ ಮಂಕರಿ ಬೋರಲು ಹಾಕಿ, ಮೇಲೆ ಕಲ್ಲು ಹೇರಿತ್ತು. ಚಿಕ್ಕಹನುಮಂತಪ್ಪ ಕಲ್ಲು ತೆಗೆದು, ದೇವರ ಪೆಟ್ಟಿಗೆ ತೆರೆಯುವವನಂತೆ ಮಂಕರಿ ಎತ್ತಿದ. ಒಣಗಿದ ಸಗಣಿಯ ಮೇಲೆ, ಅಚ್ಚೊತ್ತಿದಂತೆ, ಹಲಸಿನ ಮೈಯ ಟೈರ್ ಗುರುತು. ಒಂದೇ ಕೈಯಲ್ಲಿ ಹ್ಯಾಂಡಲ್ ಹಿಡಿದವನ ಓಲಾಟ ಸಮೇತ ಹಾಗೇ ಉಳಿದಿತ್ತು.

"ಅವತ್ತು ನಮ್ಮೂರ ಹೊರಬೀಡು," ಎಂದಳು ಅಂಜಿನಮ್ಮ. ಆ ಮಾತು ಕೇಳಿದ್ದೇ ಮಾಲತೇಶ ಸೈಕಲ್ಲನ್ನು ಮೆಲ್ಲಗೆ ಹಿಂದಕ್ಕೆ ಎಳೆದುಕೊಂಡ.

ಹೊರಬೀಡು ಎಂದರೇನೆಂದು ಅವನಿಗೆ ಗೊತ್ತಿತ್ತು. ಜಿಲ್ಲೆಯಲ್ಲಿ ಹುಟ್ಟಿದ ಯಾರಿಗೆ ಗೊತ್ತಿಲ್ಲ? ಊರಿಗೆ ರೋಗ ರುಜಿನ ಬಾರದಿರಲೆಂದು ವರ್ಷಕ್ಕೊಂದು ದಿನ, ಬೆಳಕು ಹರಿಯುವ ಮೊದಲು, ಒಲೆ ಆರಿಸಿ, ಅಂಗಳ ಸಾರಿಸಿ, ದನ, ಕುರಿ, ಕೋಳಿ, ನಾಯಿ ಎಲ್ಲ ಹೊಡೆದುಕೊಂಡು ಊರಿಗೂರೇ ಹೊಲಕ್ಕೆ ಹೋಗಿ ಬೀಡುಬಿಡುತ್ತದೆ. ಊರಬಾಗಿಲಿಗೆ ಮುಳ್ಳು. ಸಂಜೆ ಪೂಜೆಯಾಗಿ ಒಳಬರುವ ತನಕ ನೊಣವೂ ಹೊಗಬಾರದು. ಗೊತ್ತಿದ್ದೂ ಅಂದು ಅವನಿಗೆ ನೆನಪಾಗದೆ ಹೋದದ್ದು ಯಾಕೆಂದರೆ, ಖಾಲಿ ಊರೊಂದು ತನ್ನ ಸಲುವಾಗಿಯೇ ಖಾಲಿಯಾಗಿದೆ ಎಂದು ನಂಬಲು ಅವನು ಅಷ್ಟು ತಯಾರಾಗಿದ್ದ.

"ಸಂಜಿಗೆ ಬಂದು ನೋಡಿದ್ರೆ ಅಂಗಳದಾಗೆ ಹಾವು ಹರದಂಗೆ ಇದು," ಎಂದಳು ಅಂಜಿನಮ್ಮ. "ಇನ್ನೊಂದ್ಸಲ ಊರೆಲ್ಲ ಒಲಿ ಆರಿಸಿ ಹೊರಬೀಡು ಮಾಡಿದ್ವಿ. ಮೆಕ್ಕೆಜೋಳ ಮುರಿಯೋದು ಬಿಟ್ಟು ಮತ್ತೆ ಹೋಳಿಗಿ ಬೇಯಿಸಿದ್ವಿ. ಅವತ್ತಿಂದ ಈ ಮೂಲಿ ಬಿಟ್ಟು ಅಂಗಳ ಸಾರಿಸ್ತಿದೀನಿ. ನನ್ನ ಸೊಸೆ ನಗ್ತಾಳೆ."

ಹಳ್ಳದ ಕಡೆ ಕಾವಲಿದ್ದವನು ಚಿಕ್ಕಹನುಮಂತಪ್ಪ. ಅಲ್ಲಿ ದಾರಿಯೇ ಇಲ್ಲದ್ದರಿಂದ ಮುಳ್ಳಿನ ಬದಲು ಅವನನ್ನು ಕೂರಿಸಿದ್ದರು. ಹೋಳಿಗೆಗೆ ಕರೆದಾಗ ಒಂದು ಗಳಿಗೆ ಎದ್ದುಹೋಗಿದ್ದ. ಅಂದಿನಿಂದ ಊರಿನ ಚಿಕ್ಕವರು ದೊಡ್ಡವರೆಲ್ಲ ಅವನನ್ನು ಕಂಡರೆ ಗೊರಕೆ ಹೊಡೆದು ತೋರಿಸುತ್ತಿದ್ದರು. ಅದಕ್ಕೇ ಗುರುತಿನ ಮೇಲೆ ಮಂಕರಿ. ಊರೊಳಗೆ ಬಂದ ಪ್ರತಿ ಬೈಕು, ಐಸ್‌ಕ್ರೀಮಿನ ಸೈಕಲ್ಲು, ಪಾತ್ರೆ ಮಾರುವವನ ಗಾಡಿ, ಎಲ್ಲದರ ಟೈರನ್ನೂ ಮುದುಕ ಎಳೆತಂದು ಒರೆಹಚ್ಚಿ ನೋಡಿದ್ದ. ಒಂದೂ ತಾಳೆಯಾಗಿರಲಿಲ್ಲ. ಈಗ ನೋಡಿದರೆ ಒಂದರ ಹಿಂದೊಂದು, ಬಂದ ಸೈಕಲ್ಲೆಲ್ಲ ತಾಳೆಯಾಗತೊಡಗಿದವು. ಊರು ಗೊಂದಲಕ್ಕೆ ಬಿತ್ತು.

"ಇಷ್ಟೂ ಮಂದಿ ಬಂದಿದ್ರೇನು?"

"ಗುರುತು ಒಂದೇ ಐತಲ್ಲೋ."

"ಒಂದೇ ಗೆರೆ ಮ್ಯಾಲೆ ಸಾಲಾಗಿ ಹೋಗ್ಯಾರೆ. ಸರ್ಕಸ್ಸಿನೋರು ಇದ್ದಂಗವರೆ ನೋಡು, ಚಡ್ಡಿ ನೋಡು."

ವಿನಯ್ ಕುಮಾರ್ ಮುಂದೆ ಬಂದು ಕೈಮುಗಿದು, ಇದು ಪ್ರಪಂಚದಲ್ಲೆಲ್ಲ ಸಿಗುವ ಟೈರು, ನಾವು ಇಲ್ಲಿಗೆ ಕಾಲಿಟ್ಟಿರುವುದೇ ಮೊದಲ ಸಲ ಎಂದ. ಮಾಲತೇಶನಿಗೆ ಉಸಿರು ಬಂತು. ಆದರೆ ಜಗಳೂರಿನ ಕಾಲೇಜಿಗೆ ಹೋಗುವ ಅರುಣಾ ಎಂಬ ಹುಡುಗಿ ಎಲ್ಲರ ಎದೆಯ ಮೇಲೂ ಬರೆದಿದ್ದ 'ಮೌನಪಥ' ಓದಿ, ಫೋನಿನಲ್ಲಿ ಅದೇ ಹೆಸರು ಹೊಡೆದಳು. ಅಂಗಳದ ನಡುವೆ ಮಾಲತೇಶನ ದನಿ ಮೊಳಗಿತು: "ಸ್ನೇಹಿತರೇ, ವಾಹನವಿರಲಿ, ಮನುಷ್ಯನ ಸುಳಿವೇ ಇಲ್ಲದ ಊರು!"

"ಅಯ್ಯೋ, ನಮ್ಮನಿ ಕಟ್ಟೆ!" ಎಂದಳು ಅಂಜಿನಮ್ಮ, ಫೋನಿಗೆ ಬಾಗಿ. "ಬೀಗಾನೂ ಕಾಣ್ತೈತೆ ನೋಡ್ರೇ."

ಎಲ್ಲರ ಮುಖ ಮಾಲತೇಶನ ಕಡೆ ತಿರುಗಿತು. ಅವನು ವಿನಯ್ ಕುಮಾರನ ಕಡೆ ತಿರುಗಿದ. ವಿನಯ್ ಕುಮಾರ್ ಒಂದು ಹೆಜ್ಜೆ ಪಕ್ಕಕ್ಕೆ ಸರಿದಿದ್ದ.

"ನೋಡ್ರಿ ಯಜಮಾನ್ರೇ, ಅವನು ನಮ್ಮ ಸ್ಟಾಫ್ ಅಲ್ಲ. ಲೋಕಲ್ ಹುಡುಗ. ಏನು ಮಾಡಿದಾನೋ ನಮಗೆ ಗೊತ್ತಿಲ್ಲ."

"ಬೆನ್ನ ಮ್ಯಾಲೆ ಏನೋ ಬರದೈತಲ್ಲ, ಏನದು?" ಎಂದ ಚಿಕ್ಕಹನುಮಂತಪ್ಪ.

"ಟ್ರೇಲ್ ಹೆಡ್ ಅಂತ," ಅರುಣಾ ಓದಿದಳು.

"ಹಂಗಂದ್ರೆ?"

"ದಾರಿಗೆ ಇವ್ನೇ ಯಜಮಾನ ಅಂತ, ಅಜ್ಜಾ."

ಜನ ನಕ್ಕರು. ಹೊಡೆದಿದ್ದರೆ ತಡೆದುಕೊಳ್ಳಬಹುದಿತ್ತು ಎಂದು ಮಾಲತೇಶನಿಗೆ ಅನ್ನಿಸಿತು. ನ್ಯಾಯ ಬಹಳ ಹೊತ್ತು ನಡೆಯಲಿಲ್ಲ. ಈ ಟೈರು ಊರ ನೆಲ ಮುಟ್ಟುವಂತಿಲ್ಲ. ಮುಂದಕ್ಕೆ ಹೋಗುವುದಾದರೆ ಸೈಕಲ್ಲುಗಳನ್ನು ಹೊತ್ತುಕೊಂಡು ಊರು ದಾಟಲಿ. ಮುಂದಿನ ಹೊರಬೀಡಿಗೆ ಹಳ್ಳದ ಕಾವಲು ಈ ದಾರಿ ಯಜಮಾನನದು. ಬಂದು ಮುಳ್ಳು ಕಡಿದು ಹಾಕಬೇಕು.

ಅಂತೂ ಮೌನಪಥ ತಲೆಯ ಮೇಲೆ ಸೈಕಲ್ ಹೊತ್ತು ಕರೆಗುಂಡಹಳ್ಳಿಯ ಬೀದಿಯಲ್ಲಿ ಮೆರವಣಿಗೆ ಹೊರಟಿತು. ಭಾರವಾಗುತ್ತದೆಂದು ಬೆಲ್ಲು ಬಿಚ್ಚಿಸಿದವರೆಲ್ಲ ಬೆವರು ಸುರಿಸಿದರು. ಅವರು ಸರಿದು ದಾರಿ ಬಿಡಬೇಕಾಯಿತು: ಹಿಂದಿನಿಂದ ಒಂದು ಟಿವಿಎಸ್ ಬಂತು, ಆಮೇಲೆ ಹಾಲಿನ ವ್ಯಾನು, ಕೊನೆಗೆ ಹಾರನ್ ಹೊಡೆಯುತ್ತ ಒಂದು ಟ್ರ್ಯಾಕ್ಟರ್. ಮೂರು ದಿನ ಮಾಲತೇಶ ಬಚ್ಚಿಟ್ಟ ಟ್ರಾಫಿಕ್ಕೆಲ್ಲ ಒಟ್ಟಿಗೇ ಬಂದಂತಿತ್ತು. ಊರ ಹೊರಗೆ ವಿನಯ್ ಕುಮಾರ್ ಟೀ ಶರ್ಟ್ ಬಿಚ್ಚಿಸಿಕೊಂಡ. ಮಾಲತೇಶ ಬನಿಯನ್ನಿನಲ್ಲಿ ಸೈಕಲ್ ಹತ್ತಿ ಜಗಳೂರಿನ ಬಸ್ ಸ್ಟ್ಯಾಂಡ್ ಮುಟ್ಟಿದ. ಬಸ್ಸಿನ ಟಾಪಿಗೆ ಸೈಕಲ್ ಏರಿಸುವಾಗ ಕಂಡಕ್ಟರು, "ಇದಕ್ಕೆ ಸ್ಟ್ಯಾಂಡ್ ಇಲ್ವೇನ್ರೀ?" ಎಂದ.

ಒಂದು ವಾರಕ್ಕೆ ವಿನಯ್ ಕುಮಾರನ ಫೋನು ಬಂತು. ದನಿಯಲ್ಲಿ ಮತ್ತೆ ಜೇನು.

"ಮಾಲ್, ಬೇಜಾರಾಗ್ಬೇಡ. ರಿವ್ಯೂ ನೋಡಿದ್ಯಾ? ಸೈಕಲ್ ಹೊರೋ ಆಚರಣೆ ಲೈಫ್ ಚೇಂಜಿಂಗ್ ಅಂತೆ. ಸುಚಿತ್ರಾ ಮೇಡಂ ಅತ್ತುಬಿಟ್ಟಿದಾರೆ. ಎಲ್ಲರೂ ಆ ಊರೇ ಬೇಕು ಅಂತಾರೆ. ನೀನು ಹೋಗಿ ಆ ಅಜ್ಜನ ಹತ್ರ ಮಾತಾಡು, ನಮ್ಮ ರೈಡ್ ಬಂದಾಗೆಲ್ಲ ಒಂದು ಹೊರಬೀಡು ಅರೇಂಜ್ ಮಾಡ್ಲಿ. ಊರು ಖಾಲಿ ಇರ್ಬೇಕು, ಅಜ್ಜ ಮಾತ್ರ ಇರ್ಲಿ. ಒಪ್ಪಿಸಿದ್ರೆ ಕೆಲಸ ನಿಂದೇ."

ಇಲ್ಲಿ ಮಾಲತೇಶ ಕೆರಳಿ ಫೋನ್ ಕಟ್ ಮಾಡಿದ ಎಂದು ಬರೆಯಬಹುದಿತ್ತು. ಅವನು "ಆಗ್ಲಿ ಸಾರ್" ಎಂದ. ಮರುದಿನದ ಮೊದಲ ಬಸ್ಸಿಗೇ ಹೊರಟ. ದಾವಣಗೆರೆಯಲ್ಲಿ ಬಸ್ ಬದಲಿಸಿ, ಸೊಕ್ಕೆ ಕಡೆಯ ಬಸ್ಸಿನಲ್ಲಿ ಕೂತು, ದಾರಿಯುದ್ದಕ್ಕೂ ಮಾತು ಹೊಂದಿಸಿಕೊಂಡ. ಸಂಸ್ಕೃತಿ ಉಳಿಸಬೇಕು ಅಜ್ಜಾ. ನಿಮ್ಮೂರ ಹೆಸರು ಪ್ರಪಂಚಕ್ಕೆ ಗೊತ್ತಾಗಬೇಕು ಅಜ್ಜಾ. ಪ್ರತಿ ಮಾತಿಗೂ ವಿನಯ್ ಕುಮಾರನ ವಾಸನೆ ಹೊಡೆಯುತ್ತಿತ್ತು. ಆದರೂ ಬಾಯಿಪಾಠ ಮಾಡಿದ.

ಅಂಜಿನಮ್ಮನ ಅಂಗಳದಲ್ಲಿ ಮಂಕರಿ ಇರಲಿಲ್ಲ. ಅವಳು ಬಕೆಟ್ಟಿನ ಸಗಣಿನೀರನ್ನು ಆ ಮೂಲೆಗೆ ಸುರಿದು, ಬರಿಗೈಯಲ್ಲಿ ಆ ಗುರುತಿನ ಮೇಲೆ ಅರ್ಧಚಂದ್ರ ಅರ್ಧಚಂದ್ರವಾಗಿ ಎಳೆಯುತ್ತಿದ್ದಳು. ಕಟ್ಟೆಯ ಮೇಲೆ ಚಿಕ್ಕಹನುಮಂತಪ್ಪ ಬೀಡಿ ಹಚ್ಚಿಕೊಂಡು ಕೂತಿದ್ದ. ಈಗ ಅವನನ್ನು ಕಂಡು ಗೊರಕೆ ಹೊಡೆಯುವವರು ಯಾರೂ ಇರಲಿಲ್ಲ. ಅದು ಅವನು ಕೂತ ಭಂಗಿಯಲ್ಲೇ ತಿಳಿಯುತ್ತಿತ್ತು.

"ಏನಪ್ಪಾ ದಾರಿ ಯಜಮಾನ," ಎಂದ ಮುದುಕ. "ಗಾಲಿ ಇಲ್ದೆ ಬಂದೀಯಲ್ಲ. ಯಾಕ್ ಬಂದಿ?"

ಮಾಲತೇಶ ಬಾಯಿ ತೆರೆದ. ಸಂಸ್ಕೃತಿ ಎಂಬ ಮಾತು ನಾಲಿಗೆಯ ತುದಿಗೆ ಬಂತು. ಅಂಜಿನಮ್ಮ ಎಳೆಯುವ ಕೈ ನಿಲ್ಲಿಸಿ ತಲೆಯೆತ್ತಿ ನೋಡಿದಳು. ಗುರುತಿನ ಕೊನೆಯ ಗೇಣುದ್ದ ಇನ್ನೂ ಉಳಿದಿತ್ತು.

"ಮುಳ್ಳು ಹಾಕಾಕೆ ಯಾವತ್ತು ಬರ್ಲಿ ಅಂತ ಕೇಳಾಕೆ ಬಂದೆ ಅಜ್ಜಾ," ಎಂದ.

ಅದು ಒಳ್ಳೆಯತನವೆಂದು ಯಾರೂ ತಿಳಿಯಬಾರದೆಂಬುದು ಅವನ ವಾದ. ಹೆದರಿಕೆಯಂತೆ. ಆ ಹೆಂಗಸು ಹಾಗೆ ನೋಡದಿದ್ದರೆ ಕೇಳಿಯೇ ಬಿಡುತ್ತಿದ್ದನಂತೆ. ಇರಬಹುದು. ಅಂಜಿನಮ್ಮ ಉಳಿದ ಗೇಣುದ್ದವನ್ನೂ ಸಾರಿಸಿ ಮುಗಿಸಿ, ಕೈ ತೊಳೆದು, ಒಂದು ಲೋಟ ಮಜ್ಜಿಗೆ ಕೊಟ್ಟಳು. ವಿನಯ್ ಕುಮಾರನ ಫೋನನ್ನು ಅವನು ಮತ್ತೆ ಎತ್ತಲಿಲ್ಲ.

ಬ್ಯಾಂಕು, ಕೊರಿಯರ್ರು ಎಂದು ಒಂದಷ್ಟು ದಿನ ಕೆಲಸಕ್ಕೆ ಅಲೆದು ಬೆನಕಪ್ಪನವರ ಅಂಗಡಿಗೇ ಹೋಗಿ ನಿಂತ. ಅವರು ಪಕ್ಕಕ್ಕೆ ಕೈ ತೋರಿದರು. ಗಲ್ಲಾದ ಪಕ್ಕದ ಕುರ್ಚಿಯಲ್ಲಿ ಶೈಲಾ ಇದ್ದಳು. "ಆಕೀನ ಕೇಳು, ಏನ್ ಕೆಲಸ ಐತೆ ಅಂತ," ಎಂದರು. ಶೈಲಾ ಅವನನ್ನೂ ಕಂಬಕ್ಕೊರಗಿದ ಸೈಕಲ್ಲನ್ನೂ ನೋಡಿ, ಅದಕ್ಕೊಂದು ಕ್ಯಾರಿಯರ್ ಹಾಕಿಸಿಕೊಂಡು ಬಾ ಎಂದಳು. ಈಗ ಅವನು ಅದರ ಹಿಂದೆ ಎಲ್ಬೋ, ಟೀ ಕಟ್ಟಿಕೊಂಡು ತೋಟ ತೋಟಕ್ಕೆ ಮುಟ್ಟಿಸುತ್ತಾನೆ. ಸ್ಟ್ಯಾಂಡೂ ಇದೆ, ಬೆಲ್ಲೂ ಇದೆ.

ಮರುವರ್ಷ ಅವನು ರಜೆ ಕೇಳಿದ. "ಯಾವ ಹಬ್ಬ?" ಎಂದಳು ಶೈಲಾ.

"ಹೊರಬೀಡು."

"ಹೊನ್ನಾಳ್ಯಾಗೆ ಹೊರಬೀಡೆಲ್ಲೈತಿ?"

"ಊರಿಗಿಲ್ಲ. ನನಗೊಬ್ಬನಿಗೇ ಐತೆ."

ಹಿಂದಿನ ಸಂಜೆಯೇ ಹೋಗಿ ಜಾಲಿ ಕಡಿದ. ಕೈಯೆಲ್ಲ ಗೀಚುಗಾಯ. ಬೆಳಕು ಹರಿಯುವಾಗ ಕರೆಗುಂಡಹಳ್ಳಿ ದನಕರು, ಕೋಳಿಗಳ ಸಮೇತ ಹೊಲಕ್ಕೆ ಹೋಯಿತು, ನಾಯಿಗಳೂ ಹೋದವು. ಹಳ್ಳದ ದಡದ ಬಂಡೆಯ ಮೇಲೆ ಅವನೊಬ್ಬನೇ ಉಳಿದ. ಬೆನ್ನ ಹಿಂದೆ ಊರು ಖಾಲಿ. ಎಲ್ಲಿಯೂ ಸದ್ದಿಲ್ಲ. ಹೊತ್ತು ನೆತ್ತಿಗೆ ಬರುವ ಹೊತ್ತಿಗೆ ಹೊಲದ ಕಡೆಯಿಂದ ಅಂಜಿನಮ್ಮ ಹೋಳಿಗೆಗೆ ಕೂಗಿದಳು. ಅವನು ಏಳಲಿಲ್ಲ.

ಆಗ ಹಳ್ಳದೊಳಗಿಂದ ಕರಕರ ಸದ್ದು ಕೇಳಿಸಿತು. ಟಗರುಕೊಂಬಿನ ಹ್ಯಾಂಡಲ್ಲು, ಅಂಟಿದ ಚಡ್ಡಿ, ಒಂದು ಕೈಯಲ್ಲಿ ಫೋನು. ಮುಳ್ಳು ಕಂಡು ಸವಾರ ಇಳಿದ.

"ಬ್ರೋ, ಈ ಊರಲ್ಲಿ ಟ್ರಾಫಿಕ್ಕೇ ಇಲ್ವಂತಲ್ಲ? ವಿಡಿಯೋ ನೋಡ್ಕೊಂಡು ಬಂದೆ. ಈ ಮುಳ್ಳು ಸ್ವಲ್ಪ ತೆಗೀತೀರಾ?"

"ಇವತ್ತು ದಾರಿ ಇಲ್ಲಪ್ಪ. ವಾಪಸ್ ಹೋಗು."

"ಯಾರೂ ಇಲ್ವಲ್ಲ ಒಳಗೆ!"

"ಇಲ್ಲ. ಅದಕ್ಕೇ."

ಸವಾರ ತಲೆ ವಾರೆ ಮಾಡಿ ಇವನನ್ನೇ ನೋಡಿದ. "ನಿಮ್ಮ ವಾಯ್ಸ್ ಎಲ್ಲೋ ಕೇಳಿದೀನಿ ಬ್ರೋ."

ಮಾಲತೇಶ ಎದ್ದು, ಇನ್ನೊಂದು ಕಂತೆ ಜಾಲಿಯನ್ನು ಎಳೆತಂದು ಬೇಲಿಯ ಮೇಲೆ ಹಾಕಿದ.